ಮ್ಯಾಟ್-49: ತಗಡಿನ ಬಂದೂಕು ಕಲಿಸುವ ಡಿಸೈನ್ ಪಾಠ

ವರ್ಕ್‌ಶಾಪ್‌ನಲ್ಲಿ ಶೀಟ್ ಮೆಟಲ್ ಟ್ರೇ ಮಾಡಿ ಮಾಡಿ ಬೇಜಾರಾಗಿದೆಯಾ? ಹಾಗಾದ್ರೆ ಇದನ್ನು ಓದಿ. 1949ರಲ್ಲಿ ಫ್ರೆಂಚ್ ಸೇನೆ ಒಪ್ಪಿಕೊಂಡ ಮ್ಯಾಟ್-49 ಎಂಬ ಸಬ್‌ಮಷಿನ್ ಗನ್‌ನ ಬಹುಪಾಲು ಪ್ರೆಸ್‌ನಲ್ಲಿ ಒತ್ತಿ ಮಾಡಿದ ಉಕ್ಕಿನ ತಗಡು. ಫ್ರಾನ್ಸಿನ ತ್ಯುಲ್ ಊರಿನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳೇ ‘ಮ್ಯಾಟ್’.

ಎರಡನೇ ಮಹಾಯುದ್ಧ ಮುಗಿದಾಗ ಫ್ರೆಂಚ್ ಸೈನಿಕರ ಹತ್ತಿರ ತಮ್ಮದೇ ಮಾಸ್-38, ಬ್ರಿಟಿಷರ ಸ್ಟೆನ್, ಅಮೆರಿಕದ ಥಾಂಪ್ಸನ್ ಎಲ್ಲಾ ಇದ್ದವು. ಗುಂಡು, ಬಿಡಿಭಾಗ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಬೇಕಾಗಿದ್ದು ಅಗ್ಗದ, ಗಟ್ಟಿಯಾದ, 9 ಮಿ.ಮೀ. ಗುಂಡಿನ ಒಂದೇ ಮಾದರಿ.

ಕೆಲಸ ಮಾಡುವ ತತ್ವ ‘ಬ್ಲೋಬ್ಯಾಕ್’. ಇಲ್ಲಿ ಬೋಲ್ಟ್‌ಗೆ ಬೀಗವಿಲ್ಲ, ಅದರ ತೂಕ ಮತ್ತು ಸ್ಪ್ರಿಂಗ್ ಅಷ್ಟೇ. ಒಂದು ಅಂದಾಜು ಲೆಕ್ಕ ಹಾಕೋಣ: 8 ಗ್ರಾಂ ಗುಂಡು ಸೆಕೆಂಡಿಗೆ 390 ಮೀಟರ್ ವೇಗದಲ್ಲಿ ಮುಂದೆ ಹೋದರೆ, 600 ಗ್ರಾಂ ಬೋಲ್ಟ್ ಹಿಂದೆ ಬರುವ ವೇಗ ಬರೀ 5 ಮೀಟರ್ ಚಿಲ್ಲರೆ. ಬೋಲ್ಟ್ ನಿಧಾನವಾಗಿ ಹಿಂದೆ ಸರಿಯುವಷ್ಟರಲ್ಲಿ ಗುಂಡು ಬ್ಯಾರೆಲ್ ದಾಟಿರುತ್ತೆ, ಒತ್ತಡವೂ ಇಳಿದಿರುತ್ತೆ. ಫಸ್ಟ್ ಇಯರ್ ಮೊಮೆಂಟಮ್ ಪಾಠ ಅಷ್ಟೇ!

ಆದರೆ ಈ ಸರಳತೆಗೆ ಒಂದು ಬೆಲೆ ಇದೆ. ಇಂಥ ಬಂದೂಕು ಕೈಜಾರಿ ಹಿಂಬದಿಯ ಮೇಲೆ ಬಿದ್ದರೆ ಜಡತ್ವದಿಂದ ಬೋಲ್ಟ್ ತಾನೇ ಹಿಂದೆ ಜಿಗಿದು, ವಾಪಸ್ ಬರುವಾಗ ಗುಂಡನ್ನು ಎಳೆದುಕೊಂಡು ಹಾರಿಸಿಬಿಡಬಹುದು. ಸ್ಟೆನ್ ಇದಕ್ಕೇ ಕುಖ್ಯಾತ. ಮ್ಯಾಟ್-49ರ ಉತ್ತರ: ಹಿಡಿಯ ಹಿಂಭಾಗದಲ್ಲೊಂದು ಸೇಫ್ಟಿ. ಅಂಗೈ ಅದನ್ನು ಒತ್ತಿ ಹಿಡಿಯದಿದ್ದರೆ ಬೋಲ್ಟ್ ಕದಲುವುದಿಲ್ಲ.

ಎರಡನೇ ಜಾಣತನ ಪ್ಯಾರಾಟ್ರೂಪರ್‌ಗಳಿಗಾಗಿ. ಗುಂಡು ತುಂಬಿದ ಮ್ಯಾಗಜೀನನ್ನು ಅದರ ಹೌಸಿಂಗ್ ಸಮೇತ ಮುಂದಕ್ಕೆ ಮಡಚಿ ಬ್ಯಾರೆಲ್ ಕೆಳಗೆ ಮಲಗಿಸಬಹುದು. ತಂತಿಯ ಬಟ್ ಒಳಗೆ ಸರಿಯುತ್ತೆ. ವಿಮಾನದಿಂದ ಜಿಗಿಯುವಾಗ ಏನೂ ಅಡ್ಡ ಚಾಚಿಕೊಂಡಿರಲ್ಲ. ಮಡಚಿದಾಗ ಗುಂಡು ಹಾರುವ ದಾರಿಯೇ ಇಲ್ಲ, ಅಂದರೆ ಇದೂ ಒಂದು ಸೇಫ್ಟಿ. ಒಂದು ಕೀಲು, ಎರಡು ಕೆಲಸ!

ಇನ್ನು ಕಥೆಯ ಇನ್ನೊಂದು ಮುಖ. 1944ರ ಜೂನ್ 9ರಂದು ಇದೇ ತ್ಯುಲ್‌ನಲ್ಲಿ ನಾಜಿ ಎಸ್‌ಎಸ್ ಪಡೆ 99 ಜನರನ್ನು ಬಾಲ್ಕನಿ, ದೀಪದ ಕಂಬಗಳಿಗೆ ನೇಣು ಹಾಕಿತ್ತು. ಪರಕೀಯ ಆಳ್ವಿಕೆಯ ಕ್ರೌರ್ಯ ಆ ಊರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಐದೇ ವರ್ಷದಲ್ಲಿ ಅಲ್ಲಿಂದ ಹೊರಟ ಬಂದೂಕು ಇಂಡೋಚೈನಾಕ್ಕೆ, ಆಮೇಲೆ ಅಲ್ಜೀರಿಯಾಕ್ಕೆ ಹೋಯಿತು. ಎರಡೂ ಕಡೆ ಎದುರಿಗಿದ್ದವರು ಸ್ವಾತಂತ್ರ್ಯ ಕೇಳುತ್ತಿದ್ದವರು.

ವಿಯೆಟ್ನಾಮಿನ ಹೋರಾಟಗಾರರು ವಶಪಡಿಸಿಕೊಂಡ ಮ್ಯಾಟ್-49ಗಳಲ್ಲಿ ಹಲವಕ್ಕೆ ಉದ್ದದ ಬ್ಯಾರೆಲ್ ಹಾಕಿ, ತಮ್ಮ ಬಳಿ ಸಿಗುತ್ತಿದ್ದ ಸೋವಿಯತ್ ಮಾದರಿಯ 7.62 ಮಿ.ಮೀ. ಗುಂಡಿಗೆ ಹೊಂದಿಸಿಕೊಂಡರು. ಬೀಗವಿಲ್ಲದ ಸರಳ ರಚನೆ ಮಾಡಿದವರಿಗೆ ಎಷ್ಟು ಅನುಕೂಲವೋ, ಎದುರಾಳಿಗೂ ಅಷ್ಟೇ ಅನುಕೂಲವಾಯಿತು.

ಆ ಹಿಡಿಯ ಸೇಫ್ಟಿಗೆ ಕೈ ಇದೆಯೋ ಇಲ್ಲವೋ ಗೊತ್ತಾಗುತ್ತೆ, ಯಾರ ಕೈ ಅಂತ ಗೊತ್ತಾಗಲ್ಲ. ನಾಳೆ ನಾವು ಏನೇ ಡಿಸೈನ್ ಮಾಡಿದರೂ, ‘ಇದು ಕೆಲಸ ಮಾಡುತ್ತಾ?’ ಅನ್ನುವುದರ ಜೊತೆಗೆ ‘ಯಾರ ಮೇಲೆ?’ ಅಂತಲೂ ಕೇಳಿಕೊಳ್ಳೋಣ.