ಮಗಳ ರ್‍ಯಾಂಕು, ಮನೆಯ ಲೆಕ್ಕ: ಒಳ್ಳೆಯ ಕಾಲೇಜು ನಮಗೆ ಎಟುಕುತ್ತದೆಯೇ?

(ಸಂಘದ ಸಭೆಯಲ್ಲಿ ಓದಿ ಚರ್ಚಿಸುವ ಪಾಠ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಆಗಿದೆ. ನಮ್ಮದು ಮಳೆ ನಂಬಿ ಕಡಲೆಕಾಯಿ ಹಾಕುವ ಸೀಮೆ. ಮೊದಲೆಲ್ಲ ನಮ್ಮ ಸಂಘಗಳ ಸಾಲದ ಅರ್ಜಿಯಲ್ಲಿ ‘ಬೀಜಕ್ಕೆ’, ‘ಹಸುವಿಗೆ’, ‘ಆಸ್ಪತ್ರೆಗೆ’ ಎಂದು ಬರೆದಿರುತ್ತಿತ್ತು. ಈಗ ‘ಮಗಳ ಕಾಲೇಜಿಗೆ’ ಎಂಬ ಅರ್ಜಿಗಳೂ ಬರುತ್ತಿವೆ. ಇದು ಸಂತೋಷದ ಮಾತು. ಆದರೆ ಚೆನ್ನಾಗಿ ಓದುವ ಮಗಳಿಗೆ ಯಾವ ಕಾಲೇಜು ಸಿಗಬಹುದು ಎಂದು ಲೆಕ್ಕ ಹಾಕುವುದು ನಮ್ಮಲ್ಲಿ ಬಹಳ ತಾಯಂದಿರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಕೈಗೆ ಬರುವ ಸೀಟು ತಪ್ಪುತ್ತದೆ.

ಒಂದು ಸಂಘದ ಸಭೆಯಲ್ಲಿ ಒಬ್ಬ ತಾಯಿ ಹೇಳಿದ ಮಾತನ್ನು ಕೇಳಿ. “ಅಕ್ಕಾ, ನಮ್ ಹುಡ್ಗಿ ಪಿಯುಸೀಲಿ ತೊಂಬತ್ತೆರಡು ಪರ್ಸೆಂಟ್ ತಗಂಡವ್ಳೆ. ಸಿಇಟಿ ರ್‍ಯಾಂಕೂ ಚೆನ್ನಾಗೇ ಬಂದೈತೆ. ಆದ್ರೆ ಬೆಂಗಳೂರಿನ ದೊಡ್ ಕಾಲೇಜು ನಮ್ಮಂಥೋರಿಗೆ ಎಲ್ಲಿ ಸಿಕ್ತದೆ? ಅದ್ಕೇ ಹತ್ರದ್ದು ಎರಡೇ ಹೆಸ್ರು ಹಾಕ್ಸಿ ಬಂದ್ವಿ.” ಆ ಎರಡರಲ್ಲಿ ಒಂದು ಕಾಲೇಜು ಸಿಕ್ಕಿತು. ಆಮೇಲೆ ಪಟ್ಟಿ ತೆಗೆದು ನೋಡಿದೆವು. ಅದೇ ವರ್ಗದಲ್ಲಿ, ಇವಳಿಗಿಂತ ಹಿಂದಿನ ರ್‍ಯಾಂಕಿನವರಿಗೆ ಬೆಂಗಳೂರಿನ ಸರ್ಕಾರಿ ಕಾಲೇಜಿನ ಸೀಟು ಹೋಗಿತ್ತು. ಹುಡುಗಿಗೆ ಬುದ್ಧಿ ಕಡಿಮೆ ಇರಲಿಲ್ಲ, ರ್‍ಯಾಂಕೂ ಕಡಿಮೆ ಇರಲಿಲ್ಲ. ಕೇಳಲಿಲ್ಲ, ಅದಕ್ಕೇ ಸಿಗಲಿಲ್ಲ. ಆ ವರ್ಷ ನಾವೂ ಈ ವಿಷಯವನ್ನು ಸಭೆಯಲ್ಲಿ ಎತ್ತಿರಲಿಲ್ಲ. ತಪ್ಪು ನಮ್ಮದೂ ಹೌದು. ಅದಕ್ಕಾಗಿಯೇ ಈ ಪಾಠ.

1. ಅಂಕ ಬೇರೆ, ರ್‍ಯಾಂಕ್ ಬೇರೆ

ನಮ್ಮ ರಾಜ್ಯದಲ್ಲಿ ಸಿಇಟಿ ಪರೀಕ್ಷೆ 1994ರಲ್ಲಿ ಆರಂಭವಾಯಿತು. ಇದನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ ಪಾಲು, ಸಿಇಟಿ ಅಂಕ ಅರ್ಧ ಪಾಲು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಅಂಕ, ಮೂರಕ್ಕೆ 180.

ಒಂದು ಲೆಕ್ಕ ನೋಡೋಣ. ಒಬ್ಬ ಹುಡುಗಿಗೆ ಪಿಯುಸಿಯ ಈ ಮೂರು ವಿಷಯದಲ್ಲಿ 300ಕ್ಕೆ 270, ಅಂದರೆ ಶೇ. 90. ಸಿಇಟಿಯಲ್ಲಿ 180ಕ್ಕೆ 108, ಅಂದರೆ ಶೇ. 60. ಎರಡೂ ಕೂಡಿಸಿ ಅರ್ಧ ಮಾಡಿದರೆ 75. ಇನ್ನೊಬ್ಬಳಿಗೆ ಪಿಯುಸಿಯಲ್ಲಿ ಶೇ. 80, ಸಿಇಟಿಯಲ್ಲಿ 126, ಅಂದರೆ ಶೇ. 70. ಅವಳಿಗೂ 75. ಇಬ್ಬರೂ ಒಂದೇ ಸಾಲಿನಲ್ಲಿ ನಿಂತರು! ಆದ್ದರಿಂದ ಪಿಯುಸಿ ಅಂಕ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು ಎಂದು ಮಕ್ಕಳಿಗೆ ಹೇಳಿ.

ವೈದ್ಯಕೀಯದ ದಾರಿ ಬೇರೆ. ಎಂಬಿಬಿಎಸ್‌ಗೆ ನೀಟ್ ಪರೀಕ್ಷೆಯ 720 ಅಂಕವೇ ಲೆಕ್ಕ. ಪಿಯುಸಿ ಅಂಕ ಅರ್ಹತೆಗೆ ಮಾತ್ರ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಳೆಯುತ್ತಾರೆ. ಅಲ್ಲಿ ಕಣ್ಣು ಮುಚ್ಚಿ ಗುರುತು ಹಾಕುವಂತಿಲ್ಲ.

2. ಯಾರ ಜೊತೆ ಹೋಲಿಸಬೇಕು?

“ಪಕ್ಕದ ಮನೆ ಹುಡುಗನಿಗೆ ಇಷ್ಟು ರ್‍ಯಾಂಕಿಗೆ ಸಿಗಲಿಲ್ಲ, ನಮಗೂ ಸಿಗಲ್ಲ” ಎನ್ನುವುದು ಲೆಕ್ಕವಲ್ಲ, ಊಹೆ. ಪ್ರತಿ ಕಾಲೇಜಿನಲ್ಲಿ, ಪ್ರತಿ ಕೋರ್ಸಿನಲ್ಲಿ, ಪ್ರತಿ ವರ್ಗಕ್ಕೆ ಸೀಟು ಯಾವ ರ್‍ಯಾಂಕಿನವರೆಗೆ ಹೋಯಿತು ಎಂಬ ಪಟ್ಟಿಯನ್ನು ಪ್ರಾಧಿಕಾರ ಪ್ರಕಟಿಸುತ್ತದೆ. ಇದಕ್ಕೆ ಕಟ್-ಆಫ್ ಪಟ್ಟಿ ಎನ್ನುತ್ತಾರೆ.

ಪಟ್ಟಿಯ ತಲೆಯಲ್ಲಿ ಕೆಲವು ಗುರುತುಗಳಿರುತ್ತವೆ. ‘ಜಿಎಂ’ ಅಂದರೆ ಸಾಮಾನ್ಯ. ‘2ಎಜಿ’ ಅಂದರೆ 2ಎ ವರ್ಗ. ‘2ಎಆರ್’ ಅಂದರೆ 2ಎ ವರ್ಗದಲ್ಲಿ ಗ್ರಾಮೀಣ. ‘2ಎಕೆ’ ಅಂದರೆ 2ಎ ವರ್ಗದಲ್ಲಿ ಕನ್ನಡ ಮಾಧ್ಯಮ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ 1, 2ಬಿ, 3ಎ, 3ಬಿ ಎಲ್ಲಕ್ಕೂ ಹೀಗೇ ಬೇರೆ ಬೇರೆ ಸಾಲುಗಳು. ನಮ್ಮ ಮಗಳು ಯಾವ ಸಾಲಿಗೆ ಬರುತ್ತಾಳೋ ಆ ಸಾಲನ್ನೇ ನೋಡಬೇಕು.

ತಿಳಿಯಲಿ ಎಂದು ಒಂದು ಉದಾಹರಣೆ: ಮಗಳ ರ್‍ಯಾಂಕ್ 18,000. ಒಂದು ಕಾಲೇಜಿನಲ್ಲಿ ಹೋದ ವರ್ಷ ಜಿಎಂ ಸೀಟು 9,000ಕ್ಕೆ ಮುಗಿದಿದೆ. ಅದನ್ನು ಮಾತ್ರ ನೋಡಿದವರು ‘ಆಗಲ್ಲ ಬಿಡು’ ಎನ್ನುತ್ತಾರೆ. ಅದೇ ಕಾಲೇಜಿನ 2ಎಆರ್ ಸಾಲಿನಲ್ಲಿ 21,000ದವರೆಗೆ ಸೀಟು ಹೋಗಿದ್ದರೆ, ಅವಳಿಗೆ ಒಳ್ಳೆಯ ಅವಕಾಶವಿದೆ. ಮೀಸಲಾತಿ ಕೇಳಿದವರಿಗೆ ಸಾಮಾನ್ಯ ಸೀಟು ತಪ್ಪಿಹೋಗುವುದಿಲ್ಲ. ರ್‍ಯಾಂಕ್ ಇದ್ದರೆ ಅದೂ ಸಿಗುತ್ತದೆ. ಮೊದಲ ಸುತ್ತಿನ ಪಟ್ಟಿಯ ಜೊತೆ ಕೊನೆಯ ಸುತ್ತಿನ ಪಟ್ಟಿಯನ್ನೂ ನೋಡಿ. ಬೇರೆ ಕಡೆ ಸೇರಿದವರು ಬಿಟ್ಟ ಸೀಟು ಮುಂದಿನ ಸುತ್ತಿಗೆ ಬರುತ್ತದೆ. ಸಾಧ್ಯವಾದರೆ ಎರಡು ಮೂರು ವರ್ಷದ ಪಟ್ಟಿ ನೋಡಿ. ಏಕೆಂದರೆ ವರ್ಷದಿಂದ ವರ್ಷಕ್ಕೆ ಏರುಪೇರು ಇದ್ದೇ ಇರುತ್ತದೆ.

3. ಕಾಗದ ಇಲ್ಲದಿದ್ದರೆ ಹಕ್ಕಿಲ್ಲ

ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಇಲ್ಲಿ ಒಂದು ಮುಖ್ಯ ಮಾತಿದೆ. ಗ್ರಾಮೀಣ ಎಂದರೆ ನಮ್ಮ ಮನೆ ಹಳ್ಳಿಯಲ್ಲಿದ್ದರೆ ಸಾಲದು. ಒಂದರಿಂದ ಹತ್ತನೇ ತರಗತಿವರೆಗೆ, ಪೂರ್ತಿ ಹತ್ತು ವರ್ಷ, ರಾಜ್ಯದ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಪಟ್ಟಣದೊಳಗಿನ ಶಾಲೆಯಲ್ಲಿ ಓದಿದ ವರ್ಷ ಈ ಲೆಕ್ಕಕ್ಕೆ ಬರುವುದಿಲ್ಲ. “ಹಳ್ಳೀಲಿ ಸರಿ ಇಲ್ಲ” ಎಂದು ಎಂಟನೇ ಕ್ಲಾಸಿಗೆ ಪಟ್ಟಣಕ್ಕೆ ಬಸ್ಸು ಹತ್ತಿಸಿದರೆ ಏಳು ವರ್ಷದ ಓದೂ ಆ ಮೀಸಲಾತಿಗೆ ಉಪಯೋಗವಾಗುವುದಿಲ್ಲ. ಪಟ್ಟಣಕ್ಕೆ ಕಳಿಸಬೇಡಿ ಎಂದು ನಾವು ಹೇಳುತ್ತಿಲ್ಲ. ತಿಳಿದು ಕಳಿಸಿ.

ಪಾವಗಡದ ಸಹೋದರಿಯರಿಗೆ ಇನ್ನೊಂದು ಮಾತು. ನಿಮ್ಮ ಸುತ್ತ ಬಹುಪಾಲು ಆಂಧ್ರದ ನೆಲ. ಗಡಿ ದಾಟಿ ಓದಲು ಹೋಗುವ ಮಕ್ಕಳಿದ್ದಾರೆ. ನಮ್ಮ ಸಿಇಟಿ ಸೀಟಿಗೆ ಅರ್ಹರಾಗಲು ಸಾಮಾನ್ಯ ನಿಯಮ ಹೀಗಿದೆ: ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರಬೇಕು.

ಮೊದಲೇ ಮಾಡಿಸಿಡಬೇಕಾದ ಕಾಗದಗಳು:

* ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನೇ ಅರ್ಜಿಯಲ್ಲಿ ತುಂಬುವುದು. ಅವಧಿ ಮುಗಿದಿದೆಯೇ ನೋಡಿ.
* ಗ್ರಾಮೀಣ ವ್ಯಾಸಂಗ ಪತ್ರ ಮತ್ತು ಕನ್ನಡ ಮಾಧ್ಯಮ ಪತ್ರ. ಇವಕ್ಕೆ ಮುಖ್ಯೋಪಾಧ್ಯಾಯರ ಸಹಿ, ಬಿಇಒ ಅವರ ಮೇಲುಸಹಿ ಎರಡೂ ಬೇಕು.
* ಆಧಾರ್, ಅಂಕಪಟ್ಟಿ, ಜಾತಿ ಪತ್ರ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ.

ಈ ಕೆಲಸ ಫಲಿತಾಂಶ ಬಂದ ಮೇಲೆ ಅಲ್ಲ, ಪ್ರಥಮ ಪಿಯುಸಿಯಲ್ಲೇ ಆಗಬೇಕು. ಜೂನ್ ತಿಂಗಳಲ್ಲಿ ನಾಡಕಚೇರಿಯ ಸಾಲು ಎಷ್ಟು ಉದ್ದವೆಂದು ನಿಮಗೇ ಗೊತ್ತು.

4. ಅಕ್ಕಡಿ ಸಾಲಿನ ಹಾಗೆ ಪಟ್ಟಿ ಬರೆಯಿರಿ

ಕಡಲೆಕಾಯಿ ಹೊಲದಲ್ಲಿ ನಾವು ತೊಗರಿ ಅಕ್ಕಡಿ ಯಾಕೆ ಹಾಕುತ್ತೇವೆ? ಮಳೆ ಬಂದರೆ ಕಾಯಿ, ಕೈಕೊಟ್ಟರೆ ತೊಗರಿಯಾದರೂ ಉಳಿಯಲಿ ಎಂದು. ಕಾಲೇಜಿನ ಪಟ್ಟಿಯೂ ಹಾಗೆಯೇ. ಮೂರು ಗುಂಪು ಮಾಡಿ.

ಮೊದಲ ಗುಂಪು: ಸಿಗುವುದು ಕಷ್ಟ, ಆದರೂ ಬಹಳ ಆಸೆ ಇರುವವು. ಹೋದ ವರ್ಷದ ಕೊನೆಯ ರ್‍ಯಾಂಕ್ ನಮ್ಮದಕ್ಕಿಂತ ಸ್ವಲ್ಪ ಮುಂದಿದೆ.
ಎರಡನೆಯ ಗುಂಪು: ಸಿಗಬಹುದಾದವು. ಕೊನೆಯ ರ್‍ಯಾಂಕ್ ನಮ್ಮದರ ಆಸುಪಾಸಿನಲ್ಲಿದೆ.
ಮೂರನೆಯ ಗುಂಪು: ಬಹುಮಟ್ಟಿಗೆ ಸಿಕ್ಕೇ ಸಿಗುವವು. ನಮಗಿಂತ ಬಹಳ ಹಿಂದಿನವರಿಗೂ ಸಿಕ್ಕಿದೆ.

ಇದೇ ಕ್ರಮದಲ್ಲಿ ಬರೆಯಿರಿ. ‘ದೊಡ್ಡ ಕಾಲೇಜನ್ನು ಮೊದಲು ಬರೆದರೆ ಚಿಕ್ಕದೂ ಕೈತಪ್ಪುತ್ತದೆ’ ಎಂಬ ಭಯ ಬಹಳ ಜನರಿಗಿದೆ. ಅದು ಸುಳ್ಳು. ಕಂಪ್ಯೂಟರ್ ರ್‍ಯಾಂಕಿನ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ಇಲ್ಲವಾದರೆ ಎರಡನೆಯದು, ಅದೂ ಇಲ್ಲವಾದರೆ ಮೂರನೆಯದು. ಮೇಲೆ ಕಷ್ಟದ್ದನ್ನು ಬರೆದದ್ದಕ್ಕೆ ಶಿಕ್ಷೆ ಏನೂ ಇಲ್ಲ. ಬರೆಯದೇ ಬಿಟ್ಟದ್ದು ಮಾತ್ರ ಯಾವತ್ತೂ ಸಿಗುವುದಿಲ್ಲ. ಹಾಗೆಯೇ ಸಿಕ್ಕರೂ ಸೇರದ ಕಾಲೇಜನ್ನು ಬರೆಯಬೇಡಿ.

ಪಟ್ಟಿಯಲ್ಲಿ ಏನೇನು ಇರಬಹುದು? ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ ಯುವಿಸಿಇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಆರಂಭಿಸಿದ್ದು. ತುಮಕೂರಿನಲ್ಲೇ 1963ರಿಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ. ಇಂಜಿನಿಯರಿಂಗ್ ಒಂದೇ ಅಲ್ಲ, ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಕೃಷಿ ಪದವಿಯೂ ಇದೆ. ಅದರಲ್ಲಿ ರೈತ ಕುಟುಂಬದ ಮಕ್ಕಳಿಗೆ ಪ್ರತ್ಯೇಕ ಸೀಟುಗಳಿವೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಗೊಬ್ಬರ, ನೇಗಿಲು ಕಣ್ಣಾರೆ ಕಂಡು ಬೆಳೆದ ನಮ್ಮ ಮಕ್ಕಳಿಗೆ ಅದು ಅನುಕೂಲ. ಅರ್ಜಿ ಹಾಕುವಾಗಲೇ ಕೇಳದಿದ್ದರೆ ಆ ಅವಕಾಶ ಹೋಯಿತು.

5. ಸೀಟು ಬಂದ ಮೇಲೆ

ನಿಜವಾದ ಹಂಚಿಕೆಗೆ ಮುಂಚೆ ಅಣಕು ಹಂಚಿಕೆ ಮಾಡಿ ತೋರಿಸುತ್ತಾರೆ. ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳಬಹುದು. ಸೀಟು ಬಂದಾಗ ನಾಲ್ಕು ಆಯ್ಕೆಗಳಿರುತ್ತವೆ. ಒಂದು, ಒಪ್ಪಿ ಸೇರುವುದು. ಎರಡು, ಇದನ್ನು ಇಟ್ಟುಕೊಂಡು ಮೇಲಿನದಕ್ಕಾಗಿ ಮುಂದಿನ ಸುತ್ತಿಗೆ ಕಾಯುವುದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪೂರ್ತಿ ಹೊರಗೆ ಬರುವುದು. ಎರಡನೆಯದರಲ್ಲಿ ಮೇಲಿನ ಕಾಲೇಜು ಸಿಕ್ಕಿದರೆ ಹಳೆಯದು ತಾನಾಗಿ ರದ್ದಾಗುತ್ತದೆ. ಮೂರನೆಯದರಲ್ಲಿ ಕೈಯಲ್ಲಿದ್ದದ್ದು ಹೋಗುತ್ತದೆ. ಎರಡಕ್ಕೂ ಮೂರಕ್ಕೂ ವ್ಯತ್ಯಾಸ ತಿಳಿಯದೆ ಗುಂಡಿ ಒತ್ತಬಾರದು. ಸೈಬರ್ ಅಂಗಡಿಯಲ್ಲಿ ಮಗಳೇ ಕುಳಿತು ಒತ್ತಲಿ. ಪಾಸ್‌ವರ್ಡ್, ಒಟಿಪಿ ಯಾರ ಕೈಗೂ ಕೊಡಬೇಡಿ. ‘ದುಡ್ಡು ಕೊಟ್ಟರೆ ಸರ್ಕಾರಿ ಸೀಟು ಕೊಡಿಸ್ತೀನಿ’ ಎನ್ನುವವರನ್ನು ಮನೆ ಹೊಸಿಲು ತುಳಿಸಬೇಡಿ. ನಿಯಮಗಳು ವರ್ಷವರ್ಷ ಸ್ವಲ್ಪ ಬದಲಾಗುತ್ತವೆ. ಆ ವರ್ಷದ ಪ್ರಾಧಿಕಾರದ ಕೈಪಿಡಿಯನ್ನು ಮಗಳಿಂದ ಓದಿಸಿ ಕೇಳಿ.

6. ಹಣದ ಲೆಕ್ಕ

ಕಾಲೇಜು ಎಟುಕುವುದು ಎಂದರೆ ರ್‍ಯಾಂಕ್ ಎಟುಕುವುದು ಮಾತ್ರವಲ್ಲ, ಖರ್ಚೂ ಎಟುಕಬೇಕು. ಮೊದಲು ಸಹಾಯ ಎಲ್ಲೆಲ್ಲಿದೆ ನೋಡಿ.

* ಎಸ್‌ಎನ್‌ಕ್ಯೂ ಸೀಟು: ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟು. ಬೋಧನಾ ಶುಲ್ಕ ಇಲ್ಲ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು.
* ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ: ಹತ್ತನೆಯ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂ. ನಮ್ಮ ರಾಜ್ಯದಲ್ಲಿ 2025ರಲ್ಲಿ ‘ದೀಪಿಕಾ’ ಹೆಸರಿನಲ್ಲಿ ಬಂತು.
* ಇಲಾಖೆಗಳ ಹಾಸ್ಟೆಲ್. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ. ಅಲ್ಪಸಂಖ್ಯಾತರಿಗೆ ಅರಿವು ಸಾಲ.
* ಬ್ಯಾಂಕಿನ ಶಿಕ್ಷಣ ಸಾಲ: 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ.

ಇವೆಲ್ಲ ಬರುವುದು ತಡ. ಕಾಲೇಜಿಗೆ ಕಟ್ಟುವುದು ಮಾತ್ರ ಎರಡು ಮೂರು ದಿನದೊಳಗೆ. ಆ ಸಮಯದಲ್ಲೇ ನಮ್ಮವರು ಬಡ್ಡಿಯವನ ಬಾಗಿಲಿಗೆ ಹೋಗುವುದು. ಸಂಘದ ಆಂತರಿಕ ಸಾಲ ಇರುವುದು ಇಂಥ ದಿನಕ್ಕೇ. ದ್ವಿತೀಯ ಪಿಯುಸಿ ಓದುವ ಮಕ್ಕಳು ಯಾರ ಮನೆಯಲ್ಲಿದ್ದಾರೆ ಎಂದು ಪುಸ್ತಕ ಬರೆಯುವವರು ಜನವರಿಯಲ್ಲೇ ಗುರುತು ಹಾಕಿಕೊಂಡು ಹಣ ಮೀಸಲಿಡಲಿ.

7. ಸಿಗದೇ ಹೋದರೆ

ಎಲ್ಲ ಸರಿಯಾಗಿ ಮಾಡಿದರೂ ಮೊದಲ ಆಸೆಯ ಕಾಲೇಜು ಸಿಗದೆ ಇರಬಹುದು. ಅದು ಸೋಲಲ್ಲ. ಮೂರನೆಯ ಗುಂಪಿನ ಕಾಲೇಜಿನಲ್ಲೂ ಚೆನ್ನಾಗಿ ಓದಿ ಮುಂದೆ ಹೋದವರಿದ್ದಾರೆ. ‘ಇನ್ನೊಂದು ವರ್ಷ ಕೋಚಿಂಗ್’ ಎಂದರೆ ಮಗಳಿಗೆ ಮನಸ್ಸಿದೆಯೇ, ಮನೆಗೆ ಶಕ್ತಿಯಿದೆಯೇ, ಈಗಿನ ಅಂಕಕ್ಕೂ ಬೇಕಾದ ಅಂಕಕ್ಕೂ ಎಷ್ಟು ಅಂತರ ಎಂದು ಮೂರನ್ನೂ ಕೇಳಿಕೊಳ್ಳಿ. ‘ಸೀಟು ಸಿಗಲಿಲ್ಲ, ಗಂಡು ನೋಡಿ’ ಎನ್ನುವ ಮಾತಿಗೆ ಮಾತ್ರ ಕಿವಿಗೊಡಬೇಡಿ. ಮಗಳ ಮುಂದೆ ಮಾರ್ಕ್ಸಿನ ಮಾತು ಎತ್ತಿ ಹಂಗಿಸಬೇಡಿ. ಆ ವಾರದಲ್ಲಿ ಅವಳಿಗೆ ಬೇಕಾದದ್ದು ತಾಯಿಯ ಪಕ್ಕದ ಜಾಗ.

ಮಧುಗಿರಿಯ ಪಕ್ಕದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಒಂದು ಬಡ ಮನೆಯಲ್ಲಿ ಎಚ್. ನರಸಿಂಹಯ್ಯ ಹುಟ್ಟಿದರು. ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಆ ಹುಡುಗ ಊರಿನಿಂದ ನಡೆದೇ ಹೋದ. ಮುಂದೆ ಭೌತಶಾಸ್ತ್ರದಲ್ಲಿ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ‘ನಮ್ಮಂಥೋರಿಗೆಲ್ಲಿ ಸಿಗ್ತದೆ’ ಎಂದು ಆ ಹುಡುಗ ಊರಲ್ಲೇ ಕೂರಲಿಲ್ಲ. ನಮ್ಮ ಮಕ್ಕಳು ಇಂದು ನಡೆಯಬೇಕಾಗಿಲ್ಲ. ಪಟ್ಟಿಯಲ್ಲಿ ಹೆಸರು ಬರೆಯುವ ಧೈರ್ಯ ಬೇಕು, ಅಷ್ಟೇ. ದೇವರು ಕೊಟ್ಟ ಪ್ರತಿಭೆಯನ್ನು ಮಣ್ಣಿನಲ್ಲಿ ಹೂತಿಡುವುದು ಬೇಡ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಯಾರ ಮಕ್ಕಳು ಹತ್ತು ವರ್ಷವೂ ಹಳ್ಳಿ ಶಾಲೆಯಲ್ಲಿ, ಕನ್ನಡದಲ್ಲಿ ಓದಿದ್ದಾರೆ? ಅವರ ಕಾಗದ ಸಿದ್ಧವಿದೆಯೇ?
2. ‘ನಮಗೆ ಸಿಗಲ್ಲ’ ಎಂದು ಕೇಳದೇ ಬಿಟ್ಟ ಯಾವುದಾದರೂ ಅವಕಾಶ ನಿಮ್ಮ ಮನೆಯಲ್ಲಿ ನಡೆದಿದೆಯೇ?
3. ಮಗಳನ್ನು ದೂರದ ಹಾಸ್ಟೆಲಿಗೆ ಕಳಿಸಲು ನಮಗಿರುವ ಭಯ ಏನು? ಗಂಡುಮಗನಿಗೂ ಅದೇ ಭಯ ಇದೆಯೇ?

ಮುಂದಿನ ಸಭೆಗೆ ಮಾಡಿಕೊಂಡು ಬನ್ನಿ: ಪಿಯುಸಿ ಓದುವ ಮಕ್ಕಳಿರುವ ಪ್ರತಿ ಸದಸ್ಯೆಯೂ ಮಗಳ ಜೊತೆ ಕುಳಿತು ಹೋದ ವರ್ಷದ ಕಟ್-ಆಫ್ ಪಟ್ಟಿ ನೋಡಿ, ಮೂರು ಗುಂಪಿನಲ್ಲಿ ಎರಡೆರಡು ಕಾಲೇಜಿನ ಹೆಸರು ಬರೆದು ತರಬೇಕು. ಓದಲು ಬಾರದವರು ಮಗಳನ್ನೇ ಸಭೆಗೆ ಕರೆತನ್ನಿ. ಒಟ್ಟಿಗೆ ಕುಳಿತು ನೋಡೋಣ.