ಮುಪ್ಪಿನ ಮದ್ದಿಗೆ ಮುಪ್ಪಿನದೇ ಪುರಾವೆ ಬೇಕು

ವಯಸ್ಸಾದವರಿಗೆ ಚಿಕಿತ್ಸೆ ಕೊಡುತ್ತ, ಅವರ ಕುರಿತೇ ಸಂಶೋಧನೆಯನ್ನೂ ಮಾಡುತ್ತ ಬಂದ ನನಗೆ ಮನದಟ್ಟಾದ ಪಾಠ ಒಂದೇ. ಈ ಎರಡು ಕೆಲಸಗಳನ್ನು ಬೇರ್ಪಡಿಸಿದರೆ ಎರಡೂ ಕುಂಟುತ್ತವೆ. ದಿನಕ್ಕೆ ಹಿಡಿಗಟ್ಟಲೆ ಮಾತ್ರೆ ನುಂಗುವವರು ವೃದ್ಧರು. ಆ ಮಾತ್ರೆಗಳ ಪರೀಕ್ಷೆಯಿಂದ ಬಹುಕಾಲ ಹೊರಗುಳಿದವರೂ ಅವರೇ. ನಾಲ್ಕಾರು ಕಾಯಿಲೆ ಒಟ್ಟಿಗಿರುವ ಅಜ್ಜಿಯನ್ನು ಸೇರಿಸಿಕೊಂಡರೆ ಲೆಕ್ಕ ಕೆಡುತ್ತದೆಂದು ನಡುವಯಸ್ಸಿನವರ ಮೇಲೆ ಪ್ರಯೋಗ ನಡೆಸಿ, ಸಿಕ್ಕ ಉತ್ತರವನ್ನು ಅಜ್ಜಿಗೂ ಹೊಂದಿಸುತ್ತೇವೆ.

ನುರಿತ ವೈದ್ಯನಿಗೆ ಕಣ್ಣಂದಾಜು ಸಾಲದೇ ಎಂದು ಕೇಳುವವರಿದ್ದಾರೆ. ಆ ಅಂದಾಜು ಎರಡೂ ಬದಿಗೆ ತಪ್ಪಿದೆ. ಎಂಬತ್ತು ದಾಟಿದವರ ಬಿ.ಪಿ. ಇಳಿಸಿದರೆ ಕೇಡೇ ಹೆಚ್ಚಾದೀತೆಂಬ ಅಳುಕು ವೈದ್ಯರಲ್ಲಿತ್ತು. 2008ರಲ್ಲಿ ಪ್ರಕಟವಾದ ಹೈವೆಟ್ ಅಧ್ಯಯನ ಆ ವಯಸ್ಸಿನ 3,845 ಮಂದಿಯಲ್ಲಿ ಇದನ್ನು ಪರೀಕ್ಷಿಸಿದಾಗ, ಔಷಧ ಪಡೆದವರಲ್ಲಿ ಸಾವು ಶೇ. 21ರಷ್ಟು ಕಡಿಮೆಯಾಗಿತ್ತು, ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಆಸ್ಪಿರಿನ್ ವಿಷಯದಲ್ಲಿ ಆದದ್ದು ತದ್ವಿರುದ್ಧ. ಹೃದಯಾಘಾತ ಆಗಿಹೋದವರ ಮಾತು ಬೇರೆ. ಗಟ್ಟಿಮುಟ್ಟಾಗಿರುವ ಹಿರಿಯರಿಗೂ ಮುನ್ನೆಚ್ಚರಿಕೆಯೆಂದು ಅದನ್ನು ಬರೆದುಕೊಡುವ ರೂಢಿಯಿತ್ತು. ಆಸ್ಟ್ರೇಲಿಯಾ ಮತ್ತು ಅಮೆರಿಕದ 19,114 ಹಿರಿಯರನ್ನು ಒಳಗೊಂಡ ಆಸ್ಪ್ರಿ ಅಧ್ಯಯನ 2018ರಲ್ಲಿ ತೋರಿಸಿದ್ದೇನೆಂದರೆ, ಅದರಿಂದ ಸ್ವಾವಲಂಬಿಯಾಗಿ ಬದುಕುವ ಅವಧಿ ಹೆಚ್ಚಲಿಲ್ಲ, ಹೆಚ್ಚಿದ್ದು ರಕ್ತಸ್ರಾವ. ಒಂದೆಡೆ ನಮ್ಮ ಭಯ ಸುಳ್ಳಾಯಿತು, ಇನ್ನೊಂದೆಡೆ ನಮ್ಮ ಭರವಸೆ.

ಹಾಗಿದ್ದರೆ ಸಂಶೋಧನೆಯನ್ನು ಸಂಶೋಧಕರಿಗೇ ಬಿಡಬಹುದಲ್ಲ? ಉತ್ತರ ಹುಡುಕುವುದನ್ನು ಬಿಡಬಹುದು, ಪ್ರಶ್ನೆ ಹುಟ್ಟುವುದು ಮಾತ್ರ ಹಾಸಿಗೆಯ ಪಕ್ಕದಲ್ಲಿ. ಆಸ್ಪ್ರಿ ಮುಖ್ಯವಾಗಿ ಅಳೆದದ್ದು ಮರೆವಿನ ಕಾಯಿಲೆಯಾಗಲಿ ಅಂಗವೈಕಲ್ಯವಾಗಲಿ ಇಲ್ಲದೆ ಎಷ್ಟು ಕಾಲ ಬದುಕಿದರು ಎಂಬುದನ್ನು. ಇನ್ನೊಬ್ಬರ ಕೈ ಕಾಯದೆ ಬಚ್ಚಲಿಗೆ ಹೋಗಿಬರಬೇಕೆನ್ನುವ ಹಿರಿಯರ ಅಳತೆಗೋಲೂ ಅದೇ. ಹೈವೆಟ್ ಆದರೋ ಡಿಮೆನ್ಷಿಯಾ ಇದ್ದವರನ್ನೂ ಶುಶ್ರೂಷೆಯ ಆಸರೆ ಬೇಕಾದವರನ್ನೂ ಸೇರಿಸಿಕೊಂಡಿರಲಿಲ್ಲ. ನಮ್ಮ ವಾರ್ಡುಗಳಲ್ಲಿ ಮಲಗಿರುವವರು ಅಂಥವರೇ ಎಂಬುದು ರೌಂಡ್ಸ್ ಹೋಗುವವನಿಗೆ ತಟ್ಟನೆ ಹೊಳೆಯುತ್ತದೆ. ಹೊರದೇಶದ ಅಂಕಿಗಳು ನಮಗೆ ಎಷ್ಟು ಹೊಂದುತ್ತವೆಂಬುದೂ ಇಲ್ಲೇ ಕುಳಿತು ನೋಡಬೇಕಾದ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿರುವುದು ಅದಕ್ಕಾಗಿಯೇ. ಓದು ಬರಹ ಬಾರದವರ ಜ್ಞಾಪಕಶಕ್ತಿಯನ್ನು ಓದುಬರಹದ ಪರೀಕ್ಷೆಯಿಂದ ಅಳೆಯಲಾದೀತೇ?

ಅತಿ ತೂಕದ ಆಕ್ಷೇಪ ನೈತಿಕತೆಯದು. ಬಲ ಕುಂದಿದವರು, ಮರೆಯುವವರು, ಡಾಕ್ಟರು ಕೇಳಿದರೆ ಇಲ್ಲವೆನ್ನಲು ಹಿಂಜರಿಯುವವರು ಪ್ರಯೋಗಕ್ಕೆ ಒಪ್ಪುವುದರಲ್ಲಿ ಅರ್ಥವಿದೆಯೇ? ಈ ಅಂಜಿಕೆ ನ್ಯಾಯವಾದದ್ದು. ಆದ್ದರಿಂದಲೇ ಒಪ್ಪಿಗೆಯನ್ನು ಚಿಕಿತ್ಸೆ ಕೊಡದ ಬೇರೊಬ್ಬರು ಕೇಳಬೇಕು, ಮತ್ತೆ ಮತ್ತೆ ಕೇಳಬೇಕು, ಬೇಡವೆಂದರೆ ಆರೈಕೆ ಒಂದಿಷ್ಟೂ ಬದಲಾಗಬಾರದು. ಆದರೆ ಅವರನ್ನು ಹೊರಗಿಟ್ಟರೆ ರಕ್ಷಿಸಿದಂತಾಗುವುದಿಲ್ಲ. ಅವರ ವಯಸ್ಸಿನಲ್ಲಿ ಪರೀಕ್ಷಿಸದ ಮಾತ್ರೆಯನ್ನು ಹೇಗೂ ಕೊಡುತ್ತಲೇ ಇರುತ್ತೇವೆ. ಅದೂ ಪ್ರಯೋಗವೇ, ತಲೆಸುತ್ತು ಬಂದು ಬಿದ್ದವರೆಷ್ಟು ಮಂದಿ ಎಂದು ಬರೆದಿಡುವವರು ಮಾತ್ರ ಇರುವುದಿಲ್ಲ.