ಬೆಂಕಿಯ ಕರೆ ಕೇಳಿಸುವ ಪೆಟ್ಟಿಗೆ: ಕೊಳ್ಳುವ ಮೊದಲು ಐದು ಪ್ರಶ್ನೆ

ಬಾವಿಯ ಆಳ ನೋಡದೆ ನಾವು ಯಾರೂ ಪಂಪು ತರುವುದಿಲ್ಲ. ಲೈನು ಸಿಂಗಲ್ ಫೇಸೋ ತ್ರೀ ಫೇಸೋ ತಿಳಿಯದೆ ಮೋಟಾರಿಗೆ ದುಡ್ಡು ಕೊಡುವುದಿಲ್ಲ. ಆದರೆ ಗೊತ್ತಿಲ್ಲದ ಯಂತ್ರ ಕೊಳ್ಳುವಾಗ ಈ ಬುದ್ಧಿ ಎಲ್ಲಿ ಹೋಗುತ್ತದೋ! ೨೦೨೩ರ ಬೇಸಿಗೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಹಳ್ಳಿಯೊಂದರಲ್ಲಿ ಮಗಳ ಮನೆಯಲ್ಲಿ ಮೂರು ತಿಂಗಳಿದ್ದೆ. ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಅಲ್ಲಿನ ಹಳ್ಳಿಗಳಲ್ಲಿ ಬೆಂಕಿ ನಂದಿಸಲು ಹೆಚ್ಚಾಗಿ ಸಂಬಳದ ನೌಕರರಿಲ್ಲ. ರೈತರು, ಮೆಕ್ಯಾನಿಕ್ಕುಗಳು, ಮೇಷ್ಟ್ರುಗಳು, ಹೀಗೆ ಊರಿನವರೇ ಸ್ವಯಂಸೇವಕರು. ೨೦೨೦ರ ಲೆಕ್ಕದಂತೆ ಆ ದೇಶದ ಸುಮಾರು ೧೦ ಲಕ್ಷ ೪೧ ಸಾವಿರ ಅಗ್ನಿಶಾಮಕರಲ್ಲಿ ನೂರಕ್ಕೆ ೬೫ ಮಂದಿ ಸ್ವಯಂಸೇವಕರು. ಇದು ಹಳೆಯ ಪದ್ಧತಿ. ಬೆಂಜಮಿನ್ ಫ್ರಾಂಕ್ಲಿನ್ ೧೭೩೬ರಲ್ಲಿ ಫಿಲಡೆಲ್ಫಿಯದಲ್ಲಿ ನೆರೆಕರೆಯವರನ್ನು ಸೇರಿಸಿ ಇಂಥದೇ ಒಂದು ತಂಡ ಕಟ್ಟಿದ್ದರು.

ನನ್ನ ಅಳಿಯನೂ ಆ ವರ್ಷ ಊರಿನ ದಳ ಸೇರಿದರು. ಕರೆ ಬಂದದ್ದು ತಿಳಿಯಲು ಸದಸ್ಯರಿಗೆ ಸೊಂಟಕ್ಕೆ ಸಿಕ್ಕಿಸುವ ಪೇಜರ್ ಕೊಡುತ್ತಾರೆ. ಆದರೆ ಡಿಜಿಟಲ್ ಪೇಜರಿಗೆ ಬಹಳ ದುಡ್ಡು. ಹೊಸಬರು ಸರದಿ ಕಾಯಬೇಕು. ಮೊಬೈಲಿಗೂ ಸಂದೇಶ ಬರುತ್ತದೆ, ಆದರೆ ಮಗಳ ಮನೆ ಇರುವ ತಗ್ಗಿನಲ್ಲಿ ಸಿಗ್ನಲ್ ಇಲ್ಲ. "ಮಾವ, ಒಂದು ಸ್ಕ್ಯಾನರ್ ತಂದರೆ ಸಾಕು, ಎಲ್ಲ ಕೇಳ್ತದೆ" ಅಂದರು. ಹಳೆ ಸಾಮಾನಿನವರಿಂದ ೯೦ ಡಾಲರಿಗೆ ಒಂದು ತಂದೂ ಬಿಟ್ಟರು. ನಮ್ಮ ಲೆಕ್ಕದಲ್ಲಿ ಏಳು ಸಾವಿರಕ್ಕೂ ಮೇಲೆ.

ಮೂರು ವಾರ ಪೆಟ್ಟಿಗೆ ಮಾತೇ ಆಡಲಿಲ್ಲ. ಊರಲ್ಲಿ ಬೆಂಕಿಯೇ ಬಿದ್ದಿಲ್ಲ ಅಂತ ನಾವು ತಿಳಿದೆವು.

ಒಂದು ಸಂಜೆ ಹಾಲು ಕರೆಯುವ ಹೊತ್ತಿಗೆ ಗುಡ್ಡದಾಚೆ ಹೊಗೆ ಕಂಡಿತು. ಹೈನುಗಾರರೊಬ್ಬರ ಹುಲ್ಲಿನ ಕೊಟ್ಟಿಗೆ. ಸರಿಯಾಗಿ ಒಣಗದ ಹುಲ್ಲನ್ನು ಕಟ್ಟು ಕಟ್ಟಿ ಪೇರಿಸಿದ್ದರು. ತೇವಾಂಶ ನೂರಕ್ಕೆ ೨೦ಕ್ಕಿಂತ ಹೆಚ್ಚಿದ್ದರೆ ಹುಲ್ಲು ಒಳಗೊಳಗೇ ಬಿಸಿಯೇರುತ್ತದೆ. ೬೫ ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಪಾಯದ ಸೂಚನೆ. ೮೦ಕ್ಕೆ ಬಂದರೆ ಬೆಂಕಿ ದಳವನ್ನು ಕರೆದೇ ಆಗಬೇಕು. ದನಗಳು ಉಳಿದವು, ಕೊಟ್ಟಿಗೆ ಉಳಿಯಲಿಲ್ಲ. ಅಳಿಯ ಮನೆಯಲ್ಲೇ ಇದ್ದರು, ಪೆಟ್ಟಿಗೆ ಮೇಜಿನ ಮೇಲೆ ಚಾಲೂ ಇತ್ತು. ಆದರೂ ಅವರು ಠಾಣೆ ಮುಟ್ಟುವಾಗ ಮೊದಲ ಎರಡು ಗಾಡಿ ಹೋಗಿ ಆಗಿತ್ತು. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಮಾರನೆ ದಿನ ಪಕ್ಕದ ಹೈನುಗಾರ ಬಂದರು. ಅವರು ದಳದಲ್ಲಿ ಮೂವತ್ತು ವರ್ಷದಿಂದ ಇರುವವರು. ಪೆಟ್ಟಿಗೆ ತಿರುಗಿಸಿ ನೋಡಿ, "ಇದು ಕೆಟ್ಟಿಲ್ಲ. ನಮ್ಮ ದಳ ಮಾತಾಡುವ ಕಡೆ ಇದಕ್ಕೆ ಕಿವಿಯೇ ಇಲ್ಲ" ಅಂದರು. ಅವರು ಕಲಿಸಿದ ಪಾಠ ಇದು.

ಅಂಗಡಿಗೆ ಹೋಗುವ ಮೊದಲು

ಮೊದಲು ದಳದ ಮುಖ್ಯಸ್ಥರ ಹತ್ತಿರ ಹೋಗಿ ಈ ಐದನ್ನು ಕೇಳಿ ಬರೆದುಕೊಳ್ಳಬೇಕು.

೧. ಯಾವ ಬ್ಯಾಂಡ್? ಹಳೆಯ ಹಳ್ಳಿ ದಳಗಳು ಹೆಚ್ಚಾಗಿ ವಿಎಚ್‌ಎಫ್‌ನಲ್ಲಿ, ಅಂದರೆ ೧೫೦ರಿಂದ ೧೭೪ ಮೆಗಾಹರ್ಟ್ಸ್ ನಡುವೆ ಮಾತಾಡುತ್ತವೆ. ಕೆಲವು ೪೫೦ರಿಂದ ೪೭೦ರ ಯುಎಚ್‌ಎಫ್‌ನಲ್ಲಿ. ಹೊಸ ವ್ಯವಸ್ಥೆಗಳು ಹಲವು ಕಡೆ ೭೦೦–೮೦೦ಕ್ಕೆ ಹೋಗಿವೆ. ಯುನಿಡೆನ್ ಬಿಸಿ೧೨೫ಎಟಿ ಎಂಬ ಜನಪ್ರಿಯ ಅಗ್ಗದ ಸ್ಕ್ಯಾನರ್ ೫೧೨ ಮೆಗಾಹರ್ಟ್ಸಿಗೆ ನಿಲ್ಲುತ್ತದೆ. ೮೦೦ರಲ್ಲಿ ಮಾತಾಡುವ ಊರಿಗೆ ಅದು ಪ್ರಯೋಜನವಿಲ್ಲ. ಅಳಿಯನ ಪೆಟ್ಟಿಗೆಯ ಕತೆಯೂ ಇದೇ.

೨. ಅನಲಾಗೋ ಡಿಜಿಟಲ್ಲೋ? ಅನಲಾಗ್ ಎಂದರೆ ನಮ್ಮ ಹಳೆ ರೇಡಿಯೋದಂತೆ ಮಾತು ನೇರವಾಗಿ ಬರುವುದು. ಡಿಜಿಟಲ್‌ನಲ್ಲಿ ಮಾತನ್ನು ಅಂಕಿ ಮಾಡಿ ಕಳಿಸುತ್ತಾರೆ. ಅಲ್ಲಿನ ಸರಕಾರಿ ಸೇವೆಗಳಲ್ಲಿ ಹೆಚ್ಚು ಬಳಕೆಯ ಡಿಜಿಟಲ್ ಪದ್ಧತಿಯ ಹೆಸರು ಪಿ೨೫. ಅದರಲ್ಲಿ ಫೇಸ್ ೧, ಫೇಸ್ ೨ ಎಂದು ಎರಡುಂಟು. ಫೇಸ್ ೧ ಮಾತ್ರ ತಿಳಿಯುವ ಹಳೆ ಯಂತ್ರಕ್ಕೆ ಫೇಸ್ ೨ರ ಮಾತು ಅರ್ಥವಾಗದು.

೩. ಟ್ರಂಕಿಂಗ್ ಉಂಟೋ? ಸಾದಾ ವ್ಯವಸ್ಥೆಯಲ್ಲಿ ಒಂದು ದಳಕ್ಕೆ ಒಂದು ಚಾನೆಲ್. ಟ್ರಂಕಿಂಗ್ ಎಂದರೆ ಸೊಸೈಟಿಯಲ್ಲಿ ನಾಲ್ಕು ಕೌಂಟರಿಗೆ ಒಂದೇ ಸಾಲು ನಿಂತ ಹಾಗೆ. ಖಾಲಿ ಇದ್ದ ಚಾನೆಲನ್ನು ಕಂಪ್ಯೂಟರು ಆಯಾ ಹೊತ್ತಿಗೆ ಒಬ್ಬೊಬ್ಬರಿಗೆ ಕೊಡುತ್ತದೆ. ಸಾದಾ ಸ್ಕ್ಯಾನರಿಗೆ ಈ ಓಟದ ಹಿಂದೆ ಹೋಗಲು ಬರುವುದಿಲ್ಲ. ಟ್ರಂಕಿಂಗ್ ಸ್ಕ್ಯಾನರೇ ಬೇಕು.

೪. ಸೈಮಲ್‌ಕಾಸ್ಟ್ ಉಂಟೋ? ಹಲವು ಗೋಪುರಗಳು ಒಂದೇ ಮಾತನ್ನು ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಬಿತ್ತರಿಸುವ ಕ್ರಮ ಇದು. ದೂರದ ಗೋಪುರದ ಅಲೆ ಕ್ಷಣದ ತೀರಾ ಸಣ್ಣ ಪಾಲಿನಷ್ಟು ತಡವಾಗಿ ಬಂದು ಹತ್ತಿರದ್ದಕ್ಕೆ ಡಿಕ್ಕಿ ಹೊಡೆಯುತ್ತದೆ. ಸಿಗ್ನಲ್ ಪೂರ್ತಿ ಇದ್ದರೂ ಮಾತು ಕತ್ತರಿಸಿ ಹೋಗುತ್ತದೆ. ೨೦೧೮ರಲ್ಲಿ ಬಂದ ಯುನಿಡೆನ್ ಎಸ್‌ಡಿಎಸ್೧೦೦ರಂಥವು ಈ ತೊಂದರೆಗಾಗಿಯೇ ಮಾಡಿದವು. ಅವು ದುಬಾರಿ.

೫. ಗುಪ್ತಲಿಪಿ ಹಾಕಿದ್ದಾರೋ? ಮಾತನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಎಷ್ಟು ಸಾವಿರ ಸುರಿದರೂ ಯಾವ ಸ್ಕ್ಯಾನರಿಗೂ ಅದು ಕೇಳದು. ಪೊಲೀಸರದು ಹಲವು ಕಡೆ ಹೀಗಿದೆ. ಬೆಂಕಿ ದಳದ್ದನ್ನು ಸಾಮಾನ್ಯವಾಗಿ ತೆರೆದೇ ಇಡುತ್ತಾರೆ. ಆದರೂ ಕೇಳಿಯೇ ದುಡ್ಡು ಬಿಚ್ಚಬೇಕು.

ಎಷ್ಟು ದುಡ್ಡಿಗೆ ಏನು?

ದಳ ಅನಲಾಗ್ ವಿಎಚ್‌ಎಫ್‌ನಲ್ಲಿದ್ದರೆ ಅದೃಷ್ಟ. ೧೦೦ರಿಂದ ೧೫೦ ಡಾಲರಿನ ಕೈ ಸ್ಕ್ಯಾನರ್ ಧಾರಾಳ ಸಾಕು. ದಳ ಡಿಜಿಟಲ್ ಆದರೂ ಕೆಲವು ಕೌಂಟಿಗಳಲ್ಲಿ ಪೇಜರಿನ ಕರೆಯನ್ನು ಮಾತ್ರ ಹಳೆಯ ಅನಲಾಗಿನಲ್ಲೇ ಉಳಿಸಿದ್ದಾರೆ. ಅಲ್ಲಿ ಅಗ್ಗದ ಯಂತ್ರದಲ್ಲಿ ಕರೆ ಕೇಳುತ್ತದೆ, ಬೆಂಕಿಯ ಜಾಗದ ಮಾತುಕತೆ ಕೇಳದು. ಮನೆಯಿಂದ ಹೊರಡಲು ಕರೆ ಕೇಳಿದರೆ ಸಾಕಲ್ಲ!

ಡಿಜಿಟಲ್ ಟ್ರಂಕಿಂಗ್ ಸ್ಕ್ಯಾನರ್ ಹೊಸದಕ್ಕೆ ೪೦೦ ಡಾಲರಿಂದ ಮೇಲೆ. ಹಳೆಯದು ಸಿಕ್ಕಿದರೆ ಉಳಿತಾಯ. ಆದರೆ ನಿಮ್ಮ ದಳದ ಒಂದು ಕರೆ ಅದರಲ್ಲಿ ಕೇಳಿದ ಮೇಲೆಯೇ ಹಣ ಕೊಡಿ. ದನ ಕೊಳ್ಳುವಾಗ ಹಾಲು ಕರೆದು ನೋಡುವುದಿಲ್ಲವೇ?

ಮನೆಯಲ್ಲಿ ಹಳೆ ಲ್ಯಾಪ್‌ಟಾಪ್ ಇದ್ದವರಿಗೆ ಇನ್ನೊಂದು ದಾರಿ ಉಂಟು. ಆರ್‌ಟಿಎಲ್-ಎಸ್‌ಡಿಆರ್ ಎಂಬ ಬೆರಳುದ್ದದ ಡಾಂಗಲ್, ಸುಮಾರು ೩೦–೪೦ ಡಾಲರ್. ಟಿವಿ ನೋಡಲೆಂದು ಮಾಡಿದ ಚಿಪ್ಪು ಅದರೊಳಗಿದೆ. ಉಚಿತ ತಂತ್ರಾಂಶ ಹಾಕಿದರೆ ಪಿ೨೫ ಟ್ರಂಕಿಂಗೂ ಕೇಳುತ್ತದೆ. ಕಲಿಯಲು ನಾಲ್ಕು ಸಂಜೆ ಬೇಕು, ಜೇಬಲ್ಲಿಟ್ಟು ತೋಟಕ್ಕೆ ಹೋಗುವಂತಿಲ್ಲ.

ಮೊಬೈಲಿನಲ್ಲಿ ಸ್ಕ್ಯಾನರ್ ಕೇಳಿಸುವ ಆ್ಯಪ್‌ಗಳಿವೆ. ಆದರೆ ಮಾತು ತಡವಾಗಿ ಬರುತ್ತದೆ. ಕರೆಗೆ ಅದನ್ನು ನಂಬಬಾರದು. ೩೦ ಡಾಲರಿಗೆ ಸಿಗುವ ಚೀನಾದ ವಾಕಿಟಾಕಿ ಅನಲಾಗ್ ಕೇಳಿಸುತ್ತದೆ ನಿಜ. ಆದರೆ ಗುಂಡಿ ಒತ್ತಿದರೆ ಅದು ಮಾತಾಡುತ್ತದೆ ಕೂಡ. ಕಿಸೆಯಲ್ಲಿ ಗುಂಡಿ ಒತ್ತಿಹೋದರೆ ದಳದ ಚಾನೆಲೇ ಕಟ್ಟಿಹೋದೀತು. ಒಳಗೆ ಹೊಗೆಯಲ್ಲಿ ಸಿಕ್ಕಿಕೊಂಡವನ ಕೂಗು ಹೊರಗೆ ಕೇಳದೆ ಹೋಗಬಹುದು. ಮುಖ್ಯಸ್ಥರ ಒಪ್ಪಿಗೆ ಇಲ್ಲದೆ ಅದು ಬೇಡ.

ತಂದ ಮೇಲೆ

ಚಾನೆಲ್ ಕಡಿಮೆ ತುಂಬಿಸಿ. ಇನ್ನೂರು ಚಾನೆಲ್ ಸುತ್ತುವ ಯಂತ್ರ, ನಿಮ್ಮ ಕರೆ ಬಂದ ಹೊತ್ತಿಗೆ ಬೇರೆ ಊರಿನ ಮಾತು ಕೇಳುತ್ತಿರಬಹುದು. ದಳದ ಚಾನೆಲಿಗೆ ಆದ್ಯತೆ ಕೊಟ್ಟಿಡಿ. ಕೆಲವು ಮಾದರಿಗಳಲ್ಲಿ ಫೈರ್ ಟೋನ್ ಔಟ್ ಎಂಬ ಸೌಕರ್ಯ ಉಂಟು. ಅನಲಾಗ್ ಕರೆಗೆ ಮುಂಚೆ ಎರಡು ಸ್ವರ ಕಳಿಸುವ ಪದ್ಧತಿ ಇದೆ, ಸಾಮಾನ್ಯವಾಗಿ ಮೊದಲನೆಯದು ಒಂದು ಸೆಕೆಂಡು, ಎರಡನೆಯದು ಮೂರು. ನಿಮ್ಮ ದಳದ ಸ್ವರ ಬಂದಾಗ ಮಾತ್ರ ಯಂತ್ರ ಬಾಯಿ ತೆರೆಯುತ್ತದೆ, ರಾತ್ರಿ ನಿದ್ದೆ ಉಳಿಯುತ್ತದೆ. ತಗ್ಗಿನ ಮನೆಯಾದರೆ ದೊಡ್ಡ ಯಂತ್ರಕ್ಕಿಂತ ಮಾಡಿನ ಮೇಲೊಂದು ಒಳ್ಳೆ ಆಂಟೆನಾ ಹೆಚ್ಚು ಉಪಕಾರಿ.

ಕಾನೂನನ್ನೂ ನೋಡಬೇಕು. ಮನೆಯಲ್ಲಿ ಕೇಳಲು ಹೆಚ್ಚಾಗಿ ಅಡ್ಡಿಯಿಲ್ಲ. ನ್ಯೂಯಾರ್ಕ್, ಇಂಡಿಯಾನ, ಕೆಂಟಕಿಯಂಥ ರಾಜ್ಯಗಳಲ್ಲಿ ವಾಹನದಲ್ಲಿ ಸ್ಕ್ಯಾನರ್ ಇಡಲು ನಿರ್ಬಂಧವಿದೆ. ದಳದವರಿಗೆ ವಿನಾಯಿತಿ ಇದೆಯೇ, ಹೇಗೆ ಎಂದು ವಿಚಾರಿಸಿಕೊಳ್ಳಬೇಕು. ಇನ್ನೊಂದು ಮಾತು: ಕೇಳಿತು ಅಂತ ನೇರ ಬೆಂಕಿಯ ಜಾಗಕ್ಕೆ ಓಡಬಾರದು. ತನ್ನ ದಳಕ್ಕೆ ಕರೆ ಬಂದರೆ ಠಾಣೆಗೆ.

ಅಳಿಯ ಕೊನೆಗೆ ನೆರೆಯವರನ್ನು ಜತೆಗೆ ಕರೆದುಕೊಂಡು ಹೋಗಿ ೨೮೦ ಡಾಲರಿಗೆ ಹಳೆಯ ಡಿಜಿಟಲ್ ಒಂದನ್ನು ತಂದರು. ಮೊದಲಿನ ೯೦ ದಂಡ. ನಾನು ಹೊರಡುವ ಮುನ್ನಾ ರಾತ್ರಿ ಎರಡು ಗಂಟೆಗೆ ಅದು ಕೂಗಿತು. ಅಳಿಯ ಬೂಟು ಹಾಕಿಕೊಂಡು ಓಡಿದರು.

ನಮ್ಮವರು ಇದನ್ನು ಓದಿ ಅಲ್ಲಿಂದ ಸ್ಕ್ಯಾನರ್ ತರಿಸುವ ಯೋಚನೆ ಮಾಡಬೇಡಿ. ಅನುಮತಿಯಿಲ್ಲದೆ ಇತರರ ವೈರ್‌ಲೆಸ್ ಮಾತು ಕದ್ದು ಕೇಳುವುದು ನಮ್ಮಲ್ಲಿ ಅಪರಾಧ. ತರಬೇಕಾದದ್ದು ಅವರ ಕ್ರಮವನ್ನು. ಗುಡ್ಡಕ್ಕೆ ಬೆಂಕಿ ಬಿದ್ದರೆ ಮೊದಲು ಯಾರಿಗೆ ಹೇಳುವುದು, ಅವರು ಯಾರಿಗೆ ಹೇಳುವುದು, ಸಿಗ್ನಲ್ ಇಲ್ಲದ ಮನೆಗೆ ಯಾರು ಓಡುವುದು? ಇಷ್ಟನ್ನು ಬೇಸಿಗೆಗೆ ಮುಂಚೆ ನೆರೆಕರೆಯವರು ಕೂತು ಒಂದು ಕಾಗದದಲ್ಲಿ ಬರೆದು, ೧೧೨ರ ಜತೆಗೆ ಗೋಡೆಗೆ ಅಂಟಿಸಬಹುದು. ಅದಕ್ಕೆ ಡಾಲರೂ ಬೇಡ, ರೂಪಾಯಿಯೂ ಬೇಡ.